ಹಿತ್ತಲ ಗಿಡ ಮದ್ದಲ್ಲ, ಡಬ್ಬಿಗೆ ಹೊಕ್ಕರೂ

ಮತ್ತೆ ಅದೇ ಜಾಹೀರಾತು. ಮಂಡಿ ಹಿಡಿದು ಕೂತಿದ್ದ ತಾತ ಎರಡು ಕ್ಯಾಪ್ಸೂಲ್ ನುಂಗಿ ಮೊಮ್ಮಗನಿಗೆ ಬೌಲಿಂಗ್ ಮಾಡುತ್ತಾರೆ. ನೀವೂ ನೋಡಿರುತ್ತೀರಿ, ಫೋನು ಬಿಡಬೇಕಲ್ಲ. ಡಬ್ಬಿಯಲ್ಲಿರುವುದು ಅರಿಶಿನ. ಛೆ, ಅರಿಶಿನ ಅಂದರೆ ಶೆಟ್ಟರ ಅಂಗಡಿಯ ಪೊಟ್ಟಣ. ಇದು 'ಕರ್ಕ್ಯುಮಿನ್ 95%', ಅಂದರೆ ಅರಿಶಿನದ ಹಳದಿ ಸಾರ.

ಡಬ್ಬಿ ಹಿಂದಕ್ಕೆ ತಿರುಗಿಸಿ. ಇದು ಔಷಧಿಯಾಗಿ ಬಳಸಲಿಕ್ಕಲ್ಲ ಎಂದು ಇಂಗ್ಲಿಷಿನಲ್ಲಿದೆ. ಎದ್ದು ಕಾಣುವಂತೆ ಬರೆಯಬೇಕು ಅನ್ನುತ್ತದೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2016ರ ನಿಯಮ. ನಾನು ಎದ್ದು ನಿಂತೂ ನೋಡಿದೆ, ಕಾಣಲಿಲ್ಲ, ಕನ್ನಡಕ ಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಗೆ ಕೊನೆಗೂ ಸರ್ಕಾರಿ ಮೊಹರು ಬಿತ್ತು. ಗಿರಾಕಿ ಕೇಳಿದರೆ ಮದ್ದು, ಇನ್‌ಸ್ಪೆಕ್ಟರ್ ಕೇಳಿದರೆ ಆಹಾರ. ಎಂಥಾ ಸೊಗಸು!

ಸರಿ, ಆಹಾರವೇ ಅನ್ನೋಣ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ. ಅಂದರೆ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಹದಿನೈದು ಗ್ರಾಂ ಅರಿಶಿನಕ್ಕೆ ಸಮ. ಐದು ಚಮಚ! ಅಷ್ಟು ಸಾರಿಗೆ ಸುರಿಯುವ ಸೊಸೆಯನ್ನು ಅವತ್ತೇ ತವರಿಗೆ ಕಳಿಸುತ್ತಿದ್ದರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ ಅರವತ್ತು ಕೆಜಿ ತೂಗುವವರಿಗೆ ದಿನಕ್ಕೆ 180 ಮಿಲಿಗ್ರಾಂ ಕರ್ಕ್ಯುಮಿನ್ ಮಿತಿ. ತಾತ ನುಂಗಿದ್ದು ಎರಡು ಕ್ಯಾಪ್ಸೂಲ್.

ಇನ್ನು ಡಬ್ಬಿಯ ಮೇಲೆ ಮೆರೆಯುವ 'ಹೀರಿಕೆ 2000% ಹೆಚ್ಚು'. ಇದು ನಮ್ಮ ಬೆಂಗಳೂರಿನ ಕೊಡುಗೆ, ಹೆಮ್ಮೆ ಪಡಿ. ಕರ್ಕ್ಯುಮಿನ್ ಒಂದನ್ನೇ ತಿಂದರೆ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಮ್ಮಿ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸಾರ, ಕೊಟ್ಟು ನೋಡಿದರು. ಹೀರಿಕೆ 2000% ಏರಿತು. ಇಲ್ಲವೆನ್ನುವಷ್ಟರ ಇಪ್ಪತ್ತು ಪಟ್ಟು ಎಷ್ಟು ಅಂತ ಡಬ್ಬಿಯವರು ಬರೆಯುವುದಿಲ್ಲ. ಅದು ಏರಿದ್ದಾದರೂ ಹೇಗೆ? ಬಂದದ್ದನ್ನೆಲ್ಲ ಪರೀಕ್ಷಿಸಿ ಆಚೆ ಹಾಕುವ ವಾಚ್‌ಮನ್ ಕೆಲಸ ಕರುಳು, ಲಿವರುಗಳದು. ಮೆಣಸು ಆ ವಾಚ್‌ಮನ್ನನ್ನೇ ಟೀ ಕುಡಿಯಲು ಕಳಿಸುತ್ತದೆ. ಈಗ ಮೆಣಸೂ ಹಳತಾಯಿತಂತೆ: ಅತಿಸಣ್ಣ ಕಣದ ನ್ಯಾನೋ, ಕೊಬ್ಬಿನಲ್ಲಿ ಸುತ್ತಿದ ಲೈಪೊಸೋಮಲ್, ಮಕ್ಕಳಿಗೆ ಜಗಿಯುವ ಗಮ್ಮಿ. ನಮ್ಮಜ್ಜಿ ಹಾಲಿಗೆ ಅರಿಶಿನದ ಜತೆ ಎರಡು ಕಾಳು ಮೆಣಸು ಕುಟ್ಟಿ ಹಾಕುತ್ತಿದ್ದಳು, ಪ್ರೀಮಿಯಂ ಅಂತ ಹೆಸರಿಡುವುದು ಹೊಳೆಯಲಿಲ್ಲ, ಪಾಪ.

ಅಜ್ಜಿ ಅಂದಾಗ ನೆನಪಾಯಿತು. 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕ ಪೇಟೆಂಟ್ ಕೊಟ್ಟಿತ್ತು. ನಮ್ಮ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥ ಹಿಡಿದು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಎದೆ ಉಬ್ಬಿಸಿದೆವು, ಅಜ್ಜಿಯ ಸೊತ್ತು ಉಳಿಯಿತು ಅಂತ. ಉಳಿಸಿಕೊಂಡದ್ದು ಇದಕ್ಕೇನು?

ಊಟಕ್ಕೆ ಅರಿಶಿನ ಬಳಸದ ಇಟಲಿಯವರು ಈ ಡಬ್ಬಿ ತಿಂದವರ ಲಿವರ್ ಊದಿಕೊಂಡದ್ದು ನೋಡಿ, 2022ರಲ್ಲಿ ಆರೋಗ್ಯದ ಬಡಾಯಿ ನಿಲ್ಲಿಸಿ, ಎಚ್ಚರಿಕೆ ಬರೆಯಿರಿ ಎಂದರು. ಅದೇ ವರ್ಷ ಅಮೆರಿಕದ ವೈದ್ಯರು ಇಂಥ 10 ರೋಗಿಗಳ ವರದಿ ಕೊಟ್ಟರು. 7 ಜನರಲ್ಲಿ ಒಂದೇ ಬಗೆಯ ಜೀನು ಇತ್ತು, ಒಬ್ಬರು ಸತ್ತರು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆಗುವವರು ಯಾರು ಅಂತ ಮುಖ ನೋಡಿ ಹೇಳಲಾಗುವುದಿಲ್ಲ, ಅದೂ ನಿಜ.

ತಮಾಷೆ ಸಾಕು. ನನ್ನ ಚಿಕ್ಕಮ್ಮನ ಕಣ್ಣು ಹಳದಿಯಾಗಿತ್ತು, ಅರಿಶಿನದ ಹಳದಿಯೇ. ಅಂಗಡಿಯ ಹುಡುಗನಿಗೆ ಅವರ ಡಬ್ಬಿ ತೋರಿಸಿ ಕೇಳಿದರೆ, "ಲಿವರ್‌ಗೆ ಬೇರೆ ಕ್ಯಾಪ್ಸೂಲ್ ಇದೆ ಸಾರ್, ಕೊಡ್ಲಾ?" ಅಂದ. ಇಂಥವನ್ನು ಮಾರಲು ಬಿಟ್ಟು, ಒಂದು ಸಾಲು ಬರೆಸಿ ಕೈತೊಳೆದುಕೊಳ್ಳುವವರಿಗೆ ನಾಚಿಕೆಯಾಗಬೇಕು. ಡಾಕ್ಟರು ಮೂರು ಸಲ ಕೇಳಿದ್ದರು, "ಅಮ್ಮಾ, ಬೇರೆ ಏನಾದ್ರೂ ಔಷಧಿ ತಗೋತಿದ್ದೀರಾ?"

"ಇಲ್ಲಪ್ಪಾ, ಏನೂ ಇಲ್ಲ."

ಚಿಕ್ಕಮ್ಮ ಸುಳ್ಳು ಹೇಳಲಿಲ್ಲ. ಡಬ್ಬಿಯ ಮೇಲೂ ಹಾಗೇ ಬರೆದಿತ್ತಲ್ಲ.