ಅವ್ವನ ಕೋಣೆಗೊಂದು ಟಿವಿ

ಮನೆಗೆ ಮೊದಲ ಟಿವಿ ತರುವಾಗ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಗೋಡೆ ಎಷ್ಟಗಲ ಇದೆ, ಕೈಯಲ್ಲಿ ಎಷ್ಟಿದೆ, ಪಕ್ಕದ ಮನೆಯವರದು ಎಷ್ಟಿಂಚು, ಇಷ್ಟು ಗೊತ್ತಾದರೆ ಮುಗಿಯಿತು. ಪೇಚಾಟ ಇರುವುದೆಲ್ಲ ಎರಡನೇ ಟಿವಿಯಲ್ಲಿ. ಅದು ಬೇಕೇ ಬೇಕು ಅಂತ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಬೇಡ ಅಂತಲೂ ಹೇಳುವುದಿಲ್ಲ. ಆದರೆ ಅದಕ್ಕೆ ಹಾಕುವ ಒಂದೊಂದು ರೂಪಾಯಿಗೂ ಲೆಕ್ಕ ಕೇಳುವವರು ಮನೆ ತುಂಬ ಇರುತ್ತಾರೆ.

ಕೊಡಗಿನಲ್ಲಿ ಈ ಮಾತು ಏಳುವುದು ಮಳೆಗಾಲ ಹತ್ತಿರವಾದಾಗ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೆ ಎಲ್ಲರೂ ಸೂರಿನಡಿಯೇ. ತೋಟಕ್ಕೊಂದು ಸುತ್ತು ಹೋಗಿ ಬಂದು, ಕಾಲಿನ ಜಿಗಣೆ ಕಿತ್ತು, ಒದ್ದೆ ಬಟ್ಟೆ ಒಲೆಯ ಹತ್ತಿರ ಹರವಿದ ಮೇಲೆ ಮಾಡುವುದಕ್ಕೆ ಇನ್ನೇನಿದೆ? ಟಿವಿ ಮುಂದೆ ಕೂರುವುದು. ಏಳು ಗಂಟೆಗೆ ಅವ್ವನಿಗೆ ಧಾರಾವಾಹಿ. ಅದೇ ಏಳು ಗಂಟೆಗೆ ನನಗೆ ಸುದ್ದಿ. ಎಲ್ಲಿ ಮರ ಬಿತ್ತು, ಯಾವ ರಸ್ತೆ ಬಂದ್, ನಾಳೆ ಶಾಲೆಗೆ ರಜೆ ಕೊಟ್ಟರಾ ಅಂತ ತಿಳಿಯಬೇಕಲ್ಲ. ಮಗ ಊರಲ್ಲಿದ್ದರೆ ಅವನಿಗೆ ಕ್ರಿಕೆಟ್. ನನ್ನ ಹೆಂಡತಿ ಮಾತ್ರ ಏನೂ ಕೇಳುವುದಿಲ್ಲ. ನಾವು ರಿಮೋಟಿಗೆ ಜಗಳ ಆಡುವಷ್ಟರಲ್ಲಿ ಅವಳು ಫೋನಿನಲ್ಲೇ ಮೂರನ್ನೂ ನೋಡಿ ಮುಗಿಸಿರುತ್ತಾಳೆ.

ಹಾಗಾಗಿ ಅವ್ವನ ಕೋಣೆಗೊಂದು ಮೂವತ್ತೆರಡು ಇಂಚಿನದು ಸಾಕು ಅಂತ ತೀರ್ಮಾನವಾಯಿತು. ಕುಶಾಲನಗರದ ಅಂಗಡಿಯ ಮುಂದೆ 'ಜಿಎಸ್‌ಟಿ ಇಳಿದಿದೆ' ಅಂತ ದೊಡ್ಡ ಬೋರ್ಡ್ ಇತ್ತು. ಇಳಿದಿರುವುದು ನಿಜ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ತೆರಿಗೆ ಶೇಕಡ 28ರಿಂದ 18ಕ್ಕೆ ಬಂದಿದೆ. ಆದರೆ ಮೂವತ್ತೆರಡು ಇಂಚು ಮತ್ತು ಅದಕ್ಕಿಂತ ಚಿಕ್ಕದಕ್ಕೆ ಮೊದಲೇ 18 ಇತ್ತು. ಎರಡನೇ ಟಿವಿ ಕೊಳ್ಳುವವನ ಹಣೆಬರಹ ನೋಡಿ, ಬೋರ್ಡ್ ಅವನಿಗಲ್ಲ.

ಒಳಗೆ ಹೋದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಇದರಲ್ಲಿ ಟ್ಯೂನರ್ ಇದೆಯೇನಪ್ಪ?"

"ಇದೆ ಸಾರ್, ಎಲ್ಲ ಇದೆ."

"ಯಾವ ಟ್ಯೂನರ್?"

ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿದ. "ಒಳ್ಳೆ ಟ್ಯೂನರೇ ಸಾರ್, ಒಂದು ವರ್ಷ ವಾರಂಟಿ."

ಅವನನ್ನು ದೂರುವ ಹಾಗಿಲ್ಲ. ಈ ಪ್ರಶ್ನೆ ಈಗ ಯಾರೂ ಕೇಳುವುದಿಲ್ಲ. ಸೋಮವಾರಪೇಟೆ ಸಂತೆಯಲ್ಲಿ ನೂರು ಜನ ಒಟ್ಟಿಗೆ ಕೂಗುವಾಗ ಮೆಣಸಿನಕಾಯಿ ಮಾರುವವಳ ದನಿ ಒಂದನ್ನೇ ಹಿಡಿದುಕೊಳ್ಳುವ ಕಿವಿ ಇರುತ್ತದಲ್ಲ, ಟ್ಯೂನರ್ ಮಾಡುವುದು ಆ ಕೆಲಸ. ವೈರಿನಲ್ಲಿ ಒಟ್ಟಿಗೆ ಬಂದ ಹತ್ತಾರು ಚಾನೆಲ್‌ಗಳಲ್ಲಿ ನಾವು ಕೇಳಿದ್ದನ್ನಷ್ಟೇ ಆರಿಸಿ ಕೊಡುತ್ತದೆ. ಹಿಂದೆ ಅದು ಟಿವಿಯ ಹೊಟ್ಟೆಯೊಳಗೇ ಇತ್ತು. ಮುಂದುಗಡೆ ಕಟಕಟ ತಿರುಗುವ ಗುಬುಟು, ಮೇಲೆ ಆಂಟೆನಾ, ನಡುವೆ ಒಂದು ಚಪ್ಪಟೆ ವೈರು. ಅಷ್ಟರಲ್ಲೇ ದೂರದರ್ಶನ ಬರುತ್ತಿತ್ತು. ಬೆಟ್ಟದ ಮರೆಯಲ್ಲಿದ್ದವರಿಗೆ ಬೂಸ್ಟರ್ ಹಾಕಿದರೂ ಚುಕ್ಕಿಯೇ ಜಾಸ್ತಿ, ಚಿತ್ರ ಕಮ್ಮಿ. ಆದರೂ ಆ ಏರ್ಪಾಡಿಗೆ ಒಂದು ಗುಣ ಇತ್ತು. ಮಳೆಗೆ ಅದು ಹೆದರುತ್ತಿರಲಿಲ್ಲ. ಗಾಳಿಗೆ ಆಂಟೆನಾ ತಿರುಗಿಹೋಗದಿದ್ದರೆ, ಹೊರಗೆ ಎಷ್ಟೇ ಹೊಯ್ಯಲಿ, ಬರುವಷ್ಟು ಚಿತ್ರ ಬಂದೇ ಬರುತ್ತಿತ್ತು.

ಆ ಪ್ರಸಾರವೇ ಈಗ ನಿಂತುಹೋಗಿದೆ. ದೇಶದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಆಯಕಟ್ಟಿನ ಜಾಗದ ಸುಮಾರು 50 ಉಳಿಸಿಕೊಂಡು, ಮಿಕ್ಕವನ್ನೆಲ್ಲ 2022ರ ಮಾರ್ಚ್ ಹೊತ್ತಿಗೆ ಮುಚ್ಚುವುದಾಗಿ ದೂರದರ್ಶನ ನಡೆಸುವ ಪ್ರಸಾರ ಭಾರತಿ ಹೇಳಿತ್ತು. ಅದರ ಬದಲು ಬಂದ ಡಿಜಿಟಲ್ ಪ್ರಸಾರ ಸಿಗುವುದು ಬೆಂಗಳೂರು, ಚೆನ್ನೈ ಥರದ ದೊಡ್ಡ ಊರುಗಳಲ್ಲಿ. ನಮ್ಮ ಬೆಟ್ಟದ ಮೇಲೆ ಆಂಟೆನಾ ನಿಲ್ಲಿಸಿದರೆ ಕಾಗೆ ಕೂರುತ್ತದೆ, ಅಷ್ಟೇ. ಆದರೆ ಇವತ್ತಿಗೂ ಹೊಸ ಟಿವಿ ತಿರುಗಿಸಿ ನೋಡಿ. ಆಂಟೆನಾ ಸಿಕ್ಕಿಸುವ ದುಂಡನೆಯ ತೂತು ಇರುತ್ತದೆ, ಅದರ ಹಿಂದೆ ಒಂದು ಟ್ಯೂನರ್ ಕೂಡ ಇರುತ್ತದೆ. ಹಿಡಿಯುವುದಕ್ಕೆ ಮಾತ್ರ ಏನೂ ಇಲ್ಲ. ಹುಡುಗ 'ಇದೆ' ಅಂದಿದ್ದು ಸುಳ್ಳೇನಲ್ಲ.

ಇನ್ನು ಕೇಬಲ್. ಮಡಿಕೇರಿ, ವಿರಾಜಪೇಟೆಯ ಪೇಟೆಯೊಳಗಿನವರಿಗೆ ಅದರ ಸುಖವೇ ಬೇರೆ. ಲೋಕಲ್ ಚಾನೆಲ್ ಸಿಗುತ್ತದೆ. ದಸರಾದ ದಶಮಂಟಪಗಳನ್ನು ರಾತ್ರಿಯಿಡೀ ಕಂಬಳಿ ಹೊದ್ದು ಮನೆಯಲ್ಲೇ ನೋಡಬಹುದು. ಮುಂಚೆ ಕೇಬಲ್ ಇದ್ದವರಿಗೆ ಎರಡನೇ ಟಿವಿ ಅಂದರೆ ಖರ್ಚೇ ಅಲ್ಲ. ಅಂಗಡಿಯಿಂದ ಒಂದು ಸ್ಪ್ಲಿಟರ್ ತಂದು ವೈರನ್ನು ಎರಡು ಮಾಡಿದರೆ ಕೋಣೆಯಲ್ಲೂ ಬಂತು, ಹಾಲ್‌ನಲ್ಲೂ ಬಂತು, ಟಿವಿಯ ಸ್ವಂತ ಟ್ಯೂನರೇ ಎಲ್ಲ ನೋಡಿಕೊಳ್ಳುತ್ತಿತ್ತು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳವರೆಗೂ ಕೇಬಲ್ ಡಿಜಿಟಲ್ ಆಯಿತು. ಚಾನೆಲ್‌ಗಳಿಗೆಲ್ಲ ಬೀಗ ಬಿತ್ತು. ಬೀಗದ ಕೈ ಇರುವುದು ಸೆಟ್ ಟಾಪ್ ಬಾಕ್ಸಿನಲ್ಲಿ. ಅಲ್ಲಿಂದಾಚೆಗೆ ಟಿವಿಗೊಂದು ಡಬ್ಬಿ, ಡಬ್ಬಿಗೊಂದು ಬಾಡಿಗೆ. ಎರಡನೇ ಟಿವಿಗೆ ಮೊದಲನೆಯದರ ನೆಟ್‌ವರ್ಕ್ ಶುಲ್ಕದ, ಅಂದರೆ ಚಾನೆಲ್ ದರ ಬಿಟ್ಟು ಬರೀ ಸಂಪರ್ಕಕ್ಕೆ ಕೊಡುವ ದುಡ್ಡಿನ, ಶೇಕಡ 40ಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಿತಿ ಹಾಕಿತ್ತು. 2024ರಲ್ಲಿ ಆ ಶುಲ್ಕದ ಮಿತಿಗಳನ್ನು ತೆಗೆದೇ ಹಾಕಿತು. ನಮಗೆ ಅದೂ ಸಂಬಂಧವಿಲ್ಲ ಬಿಡಿ, ಮಾದಾಪುರದ ಕಡೆಯ ಒಂಟಿ ಮನೆಗೆ ಕೇಬಲ್ ಎಳೆಯುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಉಳಿದದ್ದು ಡಿಶ್. ಇಲ್ಲಿ ಟ್ಯೂನರ್ ಪ್ರಶ್ನೆಗೆ ನಿಜವಾಗಿ ಜೀವ ಇದೆ. ಉಪಗ್ರಹದ ಟ್ಯೂನರ್ ಒಳಗೇ ಇರುವ ಟಿವಿ ಹೇಗಿರಬೇಕು ಅಂತ ವಸ್ತುಗಳ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ ಒಂದು ಮಾನದಂಡವನ್ನೇ ತಂದಿದೆ. ಐಎಸ್ 18112, ವರ್ಷ 2022. ಅಂಥ ಟಿವಿಗೆ ಡಬ್ಬಿ ಬೇಡ. ಡಿಶ್‌ನಿಂದ ಬಂದ ಕೇಬಲನ್ನು ನೇರವಾಗಿ ಟಿವಿಗೆ ತಿರುಪಿದರೆ ಉಚಿತ ಚಾನೆಲ್‌ಗಳೂ ರೇಡಿಯೊ ಕೂಡ ಬರುತ್ತವೆ. ಉಚಿತ ಅಂದರೆ ಡಿಡಿ ಫ್ರೀ ಡಿಶ್. 2004ರಲ್ಲಿ ಶುರುವಾದದ್ದು, ತಿಂಗಳ ಬಾಡಿಗೆ ಇಲ್ಲದ್ದು, ಚಂದನವನ್ನು ಮನೆಗೆ ತರುವಂಥದ್ದು. ಒಂದೇ ರಿಮೋಟು, ಒಂದೇ ಸ್ವಿಚ್ಚು. ಟಿವಿಯ ಹಿಂದೆ ವೈರಿನ ಗೋಜಲಿಲ್ಲ. ಓದಿದಾಗ ನನಗೂ ಬಾಯಲ್ಲಿ ನೀರು ಬಂತು. ಅವ್ವನ ಕೋಣೆಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು.

ಆದರೆ ಖಾಸಗಿ ಡಿಶ್‌ನವರ ಚಾನೆಲ್‌ಗಳಿಗೂ ಬೀಗ ಇದೆಯಲ್ಲ. ಅವರ ಡಬ್ಬಿ ಇಲ್ಲದೆ ಒಳಗಿನ ಟ್ಯೂನರ್ ಅದನ್ನು ತೆರೆಯಲಾರದು. ಅವ್ವನ ಧಾರಾವಾಹಿ ಇರುವುದು ಆ ಬೀಗದೊಳಗೆ. "ಚಂದನದಲ್ಲೂ ಚೆನ್ನಾಗಿರೋದು ಬರುತ್ತೆ ಅವ್ವ" ಅಂದೆ. "ಬರಲಿ, ನೀನು ನೋಡು" ಅಂದರು.

ಧಾರಾವಾಹಿ ಹೋಗಲಿ ಅಂತ ಇಟ್ಟುಕೊಳ್ಳೋಣ. ಕೊಡಗಿನಲ್ಲಿ ಟಿವಿಯೊಳಗೆ ಡಿಶ್ ಟ್ಯೂನರ್ ಬೇಡ ಅನ್ನುವುದಕ್ಕೆ ನನಗೆ ಬೇರೆಯೇ ಕಾರಣ ಇದೆ. ಗುಡುಗು.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬರಲಿ ಅಂತ ಆಕಾಶ ನೋಡುತ್ತಿರುತ್ತೇವೆ. ಅದು ಸುಮ್ನೆ ಬರುವ ಮಳೆ ಅಲ್ಲ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ, ಸಿಡಿಲು ಹೊಡೆದುಕೊಂಡೇ ಬರುತ್ತದೆ. ಮೊದಲ ಗುಡುಗು ಕೇಳಿದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಒಬ್ಬರು ಅಂಗಳದ ಕಾಫಿ ಮುಚ್ಚಲು ಓಡುತ್ತಾರೆ, ಇನ್ನೊಬ್ಬರು ಟಿವಿ ಹಿಂದೆ ಕೈ ಹಾಕುತ್ತಾರೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಪ್ಲಗ್ ಕಿತ್ತರೂ ಸಾಲದು, ಡಿಶ್ ಕೇಬಲನ್ನೂ ಬಿಚ್ಚಬೇಕು. ಆ ಕೇಬಲಿನ ತುದಿಯಲ್ಲಿ ತಿರುಪಿನ ಕನೆಕ್ಟರ್ ಇರುತ್ತದೆ. ಅದನ್ನು ಹಿಂದೆಮುಂದೆ ತಿರುಗಿಸಿ ಬಿಚ್ಚುವಷ್ಟರಲ್ಲಿ ಇನ್ನೊಂದು ಸಿಡಿಲು. ಅದಕ್ಕೇ ಎಷ್ಟೋ ಮನೆಗಳಲ್ಲಿ ಪೂರ್ತಿ ತಿರುಪುವುದೇ ಇಲ್ಲ, ಒಂದು ಸುತ್ತು ಕೊಟ್ಟು ಬಿಟ್ಟಿರುತ್ತಾರೆ. ಒಳಗಿನ ತಾಮ್ರದ ತಂತಿ ಬಾಗಿ, ಕಪ್ಪಾಗಿ, ಕೊನೆಗೊಂದು ದಿನ ಮುರಿದೇ ಹೋಗುತ್ತದೆ. ಆಗ ಚಾಕುವಿನಲ್ಲಿ ಕೇಬಲ್ ಸ್ವಲ್ಪ ಸುಲಿದು, ಹೊಸ ತುದಿ ಮಾಡಿ, ಮತ್ತೆ ಅದೇ ಒಂದು ಸುತ್ತು.

ಮನೆಯಲ್ಲಿ ಯಾರೂ ಇಲ್ಲದಾಗ ಸಿಡಿಲು ಬಡಿದರೆ? ಡಿಶ್ ಮಾಡಿನ ಮೇಲೆ, ಕೇಬಲ್ ನೇರ ಒಳಕ್ಕೆ. ಹೊರಗೆ ಡಬ್ಬಿ ಇದ್ದರೆ ಮೊದಲ ಪೆಟ್ಟು ತಿನ್ನುವುದು ಡಬ್ಬಿ. ಡಬ್ಬಿಯಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವೈರಿನ ದಾರಿಯಲ್ಲಿ ಟಿವಿಗೂ ನುಗ್ಗಬಹುದು, ಇಲ್ಲ ಅನ್ನುವುದಿಲ್ಲ. ಆದರೂ ಡಬ್ಬಿ ಒಂದೇ ಹೋಗಿ ಟಿವಿ ಉಳಿದ ಮನೆಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಟ್ಯೂನರ್ ಟಿವಿಯೊಳಗೇ ಇದ್ದರೆ ಪೆಟ್ಟು ಬೀಳುವುದೇ ಟಿವಿಯ ಬೋರ್ಡಿಗೆ. ಒಂದೂವರೆ ಸಾವಿರದ್ದು ಹೋಗಬೇಕಾದ ಕಡೆ ಹತ್ತು-ಹನ್ನೆರಡು ಸಾವಿರದ್ದು ಹೋಗುತ್ತದೆ. ಬಯಲುಸೀಮೆಯವರು ಒಳಗಿನ ಟ್ಯೂನರ್ ಹುಡುಕಲಿ, ನಮಗೆ ಡಬ್ಬಿ ಹೊರಗೇ ಇರಲಿ.

ಮಳೆಗಾಲದ ಕಥೆ ಇನ್ನೊಂದು. ಈಗಿನ ಚಿಕ್ಕ ಡಿಶ್‌ಗಳು ಹಿಡಿಯುವ ಅಲೆಗಳು ಬಲು ಸಣ್ಣವು, ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಮಳೆಹನಿ ಅವನ್ನು ನುಂಗಿ ಹಾಕುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ. ಅಷ್ಟೂ ದೂರವನ್ನು ಸಲೀಸಾಗಿ ದಾಟಿ ಬಂದದ್ದು ನಮ್ಮ ಮಾಡಿನ ಮೇಲಿನ ಕೊನೇ ನಾಲ್ಕೈದು ಕಿಲೋಮೀಟರ್ ಮಳೆಯಲ್ಲಿ ಸೋತು ಸುಣ್ಣವಾಗುತ್ತದೆ. ತೊಂಬತ್ತರ ದಶಕದಲ್ಲಿ ಎಸ್ಟೇಟುಗಳಲ್ಲಿ ಬಲೆಯ ದೊಡ್ಡ ದೊಡ್ಡ ಡಿಶ್ ಇದ್ದವಲ್ಲ, ಅವು ಹಿಡಿಯುತ್ತಿದ್ದ ಅಲೆ ಉದ್ದದವು. ಮಳೆ ಅವಕ್ಕೆ ಅಷ್ಟು ಲೆಕ್ಕವಿರಲಿಲ್ಲ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಅಂಥದ್ದೊಂದು ಈಗಲೂ ಇದೆ. ಅಂಗಳದಲ್ಲಿ ಬೋರಲು ಹಾಕಿದ್ದಾರೆ. ಒಳಗೆ ಕೋಳಿಮರಿ ಬಿಡುತ್ತಾರೆ, ಹದ್ದು ಎರಗುವ ಹಾಗಿಲ್ಲ.

ಮಗ ಫೋನಿನಲ್ಲಿ ಹೇಳಿದ್ದೇ ಬೇರೆ. "ಅಪ್ಪಾ, ಡಬ್ಬಿನೂ ಬೇಡ ಟ್ಯೂನರೂ ಬೇಡ. ಸ್ಮಾರ್ಟ್ ಟಿವಿ ತಗೊಳ್ಳಿ, ನೆಟ್ ಹಾಕಿಸಿ, ಎಲ್ಲ ಆ್ಯಪಲ್ಲೇ ಬರುತ್ತೆ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಪ್ರಸಾರ ಭಾರತಿಯೇ 2024ರ ನವೆಂಬರಿನಲ್ಲಿ ವೇವ್ಸ್ ಅಂತ ಆ್ಯಪ್ ಬಿಟ್ಟಿದೆ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಶುರುವಾದ ಕೊಡವ ಹಾಕಿ ಹಬ್ಬವನ್ನು ಈಗ ದುಬೈಯಲ್ಲಿ ಕೂತವರೂ ಯೂಟ್ಯೂಬಿನಲ್ಲಿ ನೋಡುತ್ತಾರೆ. ಅದಕ್ಕೆ ಯಾವ ಟ್ಯೂನರ್ ಬೇಕು? ಆದರೆ ಅವನಿರುವುದು ಬೆಂಗಳೂರಿನಲ್ಲಿ. ಇಲ್ಲಿ ನೆಟ್ಟಿನ ವೈರು ಬರುವುದು ಕರೆಂಟ್ ಕಂಬದ ಜೊತೆಗೆ. ಒಂದು ಮರ ಬಿದ್ದರೆ ಎರಡೂ ನೆಲಕ್ಕೆ. ಯುಪಿಎಸ್‌ನಲ್ಲಿ ರೂಟರ್ ದೀಪವೇನೋ ಮಿನುಗುತ್ತಿರುತ್ತದೆ, ಆ ಕಡೆಯಿಂದ ಏನೂ ಬರುವುದಿಲ್ಲ. ಎರಡು ದಿನ ಕರೆಂಟ್ ಇಲ್ಲ ಅಂದರೆ ಮೊಬೈಲ್ ಟವರಿನ ಬ್ಯಾಟರಿಯೂ ಮಲಗುತ್ತದೆ. 2018ರ ಆಗಸ್ಟಿನಲ್ಲಿ ನಮ್ಮ ಸುತ್ತಲಿನ ಗುಡ್ಡಗಳು ಜರಿದಾಗ ನೆಟ್ಟೂ ಡಿಶ್ಶೂ ಯಾವುದೂ ಲೆಕ್ಕಕ್ಕೇ ಬರಲಿಲ್ಲ.

ಅವ್ವನ ತಕರಾರು ಮಾತ್ರ ಮಳೆಯದ್ದಲ್ಲ. ಹಾಲ್‌ನ ಟಿವಿಯಲ್ಲಿ ಆ್ಯಪ್‌ಗಳ ಸಾಲು ತೋರಿಸಿದೆ. ಬಲಕ್ಕೆ ಹೋದಷ್ಟೂ ಚಿತ್ರ, ಕೆಳಕ್ಕೆ ಹೋದಷ್ಟೂ ಚಿತ್ರ. ಅವರು ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಈಗ ಓಡ್ತಾ ಇರೋದು ಯಾವುದು ಮಗ?" ಅಂತ ಕೇಳಿದರು. ಯಾವುದೂ ಓಡುತ್ತಿಲ್ಲ, ನಾವು ಒತ್ತಿದ್ದು ಓಡುತ್ತದೆ ಅಂದೆ. "ಹಾಗಾದರೆ ಏಳು ಗಂಟೆಗೆ ಏನು?" ಅಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಟಿವಿ ಅಂದರೆ ಅವ್ವನಿಗೆ ತಾವು ನೋಡಿದರೂ ನೋಡದಿದ್ದರೂ ನಡೆಯುತ್ತಿರುವಂಥದ್ದು. ನಂಬರ್ ಒತ್ತಿದರೆ ಅಲ್ಲಿ ಏನೋ ಆಗಲೇ ಶುರುವಾಗಿರಬೇಕು. ಅರ್ಧ ತಪ್ಪಿಹೋಗಿದ್ದರೂ ಪರವಾಗಿಲ್ಲ, ಕಥೆ ಹೇಗೂ ಗೊತ್ತು. ಊಟಕ್ಕಿಡುವುದು, ಮಾತ್ರೆ ನುಂಗುವುದು, ಕೋಳಿಗೂಡಿನ ಬಾಗಿಲು ಹಾಕಿದ್ದಾರಾ ಅಂತ ಕೇಳುವುದು, ಎಲ್ಲಕ್ಕೂ ಅದೇ ಗಡಿಯಾರ. ಯಾರೋ ಎಲ್ಲೋ ಕೂತು ಏಳಕ್ಕೆ ಇದು, ಏಳೂವರೆಗೆ ಅದು ಅಂತ ಆರಿಸಿ ಇಟ್ಟಿದ್ದಾರೆ ಅನ್ನುವುದು ಅವರಿಗೆ ಅನುಕೂಲ, ನಮಗೆ ಅದೇ ಕಿರಿಕಿರಿ. ನಿಜ ಹೇಳಬೇಕೆಂದರೆ ಆ್ಯಪಿನಲ್ಲಿ ಏನು ನೋಡಲಿ ಅಂತ ಅರ್ಧ ಗಂಟೆ ಹುಡುಕಿ, ಏನೂ ನೋಡದೆ ಮಲಗಿದ ರಾತ್ರಿಗಳಲ್ಲಿ ನನಗೂ ಅವ್ವನೇ ಸರಿ ಅನ್ನಿಸಿದೆ.

ಕೊನೆಗೆ ಬಂದದ್ದು ಸಾದಾ ಮೂವತ್ತೆರಡು ಇಂಚು. ಒಳಗೆ ಯಾವ ಟ್ಯೂನರ್ ಇದೆಯೋ ಇರಲಿ ಅಂತ ಬಿಟ್ಟೆ. ಮಾಡಿನ ಮೇಲಿನ ಡಿಶ್‌ಗೇ ಎರಡು ಬಾಯಿಯ ಎಲ್‌ಎನ್‌ಬಿ (ಡಿಶ್ ಮುಂದೆ ಚಾಚಿಕೊಂಡು ಅಲೆ ಹಿಡಿಯುವ ಮೂತಿ) ಹಾಕಿಸಿ, ಅವ್ವನ ಕೋಣೆಗೆ ಎರಡನೇ ಡಬ್ಬಿ. ಒಂದು ಬಾಯಿಯದ್ದಕ್ಕೆ ಸುಮ್ನೆ ಸ್ಪ್ಲಿಟರ್ ಹಾಕಿದರೆ ಆಗುವುದಿಲ್ಲ. ಒಂದು ಡಬ್ಬಿ 13 ವೋಲ್ಟ್ ಕಳಿಸಿ ಒಂದು ಬಗೆಯ ಅಲೆ ಕೇಳುತ್ತದೆ, ಇನ್ನೊಂದು 18 ವೋಲ್ಟ್ ಕಳಿಸಿ ಮತ್ತೊಂದು ಬಗೆಯದ್ದು ಕೇಳುತ್ತದೆ, ಕೊನೆಗೆ ಒಬ್ಬರಿಗೆ ಚಾನೆಲ್ ಇಲ್ಲ. ಎರಡನೇ ಟಿವಿ ತಂದದ್ದೇ ಜಗಳ ತಪ್ಪಿಸಲು, ಆ ಜಗಳವನ್ನು ಮಾಡಿನ ಮೇಲೆ ಹತ್ತಿಸುವುದೇಕೆ?

ಡಿಶ್ ಕೂರಿಸುವ ಹುಡುಗ ಏಣಿಯಿಂದ ಇಳಿದು ಬಂದು, "ಅಣ್ಣಾ, ಜೋರು ಮಳೆಗೆ ಎರಡೂ ಒಟ್ಟಿಗೇ ಹೋಗ್ತವೆ, ಆಮೇಲೆ ನನಗೆ ಫೋನ್ ಮಾಡಬೇಡಿ" ಅಂದ. ಆಮೇಲೆ ಆಗ್ನೇಯಕ್ಕೆ ಕೈ ತೋರಿಸಿದ. ಅಲ್ಲೊಂದು ಸಿಲ್ವರ್ ಓಕ್, ಅದರ ಮೈತುಂಬ ಕರಿಮೆಣಸಿನ ಬಳ್ಳಿ. ಡಿಶ್ ನೋಡುವುದು ಸರಿಯಾಗಿ ಅದರ ತಲೆಯ ಮೇಲೆ. "ಆ ಕೊಂಬೆ ಗಾಳಿಗೆ ಆಡಿದರೆ ಬಿಸಿಲಲ್ಲೂ ಸಿಗ್ನಲ್ ಹೋಗುತ್ತೆ."

ಮರ ಕಪಾತಿನವನನ್ನು ಕರೆಸಿದೆ. ಅವನು ಮೇಲೆ ಕೆಳಗೆ ನೋಡಿ, ಆ ಕೊಂಬೆ ತೆಗೆದರೆ ಕೆಳಗಿನ ಕಾಫಿಗೆ ನೆರಳು ಕಮ್ಮಿಯಾಗುತ್ತದೆ, ತುದಿಯ ಬಳ್ಳಿಯೂ ಸ್ವಲ್ಪ ಹೋಗುತ್ತದೆ, ಮೆಣಸಿನ ರೇಟ್ ಇರುವಾಗ ಯಾಕೆ ಸುಮ್ನೆ ಅಂತ ರಾಗ ಎಳೆದ. ನಾನು ಎಷ್ಟು ಬಳ್ಳಿ ಹೋಗಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಅವ್ವ ಕಿಟಕಿಯಿಂದಲೇ ಕೂಗಿದರು: "ಏಳು ಗಂಟೆ ಒಳಗೆ ಇಳಿಸಿ ಮುಗಿಸೋಕೆ ಹೇಳು ಅವನಿಗೆ."