ಆ ಕಥೆಯಲ್ಲಿ 1953 ಯಾಕಿಲ್ಲ?

ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಇವತ್ತು ಒಂದು ವಿಡಿಯೋ ಬಂತು. ಬ್ರಿಟನ್ನಿನ ಬಿಪಿ ಎಂಬ ಎಣ್ಣೆ (ಪೆಟ್ರೋಲಿಯಂ) ಕಂಪನಿ ಬೆಳೆದ ಕಥೆ. ಛಲ ಇದ್ದರೆ ಎಲ್ಲಾ ಸಾಧ್ಯ ಅನ್ನೋದು ಅದರ ಪಾಠ. ನೋಡಿ ಮೈ ಉರಿದುಹೋಯಿತು.

1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಎಂಬ ಸಾಹುಕಾರ ಪರ್ಷಿಯಾದ (ಇವತ್ತಿನ ಇರಾನ್) ದೊರೆ ಶಾ ಹತ್ತಿರ ಎಣ್ಣೆ ಹುಡುಕುವ ಹಕ್ಕು ಪಡೆದ. ದುಡ್ಡು ಕರಗುತ್ತಾ ಬಂತು, ಬರ್ಮಾ ಆಯಿಲ್ ಎಂಬ ಬ್ರಿಟಿಷ್ ಕಂಪನಿ ಕೈಜೋಡಿಸಿತು. ಅವರಿಗೂ ಸಾಕಾಗಿತ್ತು. ಆದರೂ ಅವರ ಎಂಜಿನಿಯರ್ ಜಾರ್ಜ್ ರೆನಾಲ್ಡ್ಸ್ ಬಾವಿ ಕೊರೆಸುತ್ತಲೇ ಇದ್ದ. 1908ರ ಮೇ 26ರಂದು ಮಸ್ಜಿದ್ ಸುಲೇಮಾನ್‌ನಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಕಂಪನಿ ಹುಟ್ಟಿತು, ಅದೇ ಮುಂದೆ ಬಿಪಿ ಆಗಿದ್ದು. ಇದೆಲ್ಲ ನಿಜ. ರೆನಾಲ್ಡ್ಸ್ ಗಟ್ಟಿಗ, ಅದನ್ನೂ ಒಪ್ಪುತ್ತೇನೆ. ಆದರೆ ವಿಡಿಯೋ ಅಲ್ಲಿಂದ ನೇರ ಬಿಪಿಯ ಹಸಿರು-ಹಳದಿ ಲೋಗೋಗೆ ಹಾರಿಬಿಡುತ್ತದೆ. ನಡುವಿನ ಇರಾನ್ ಎಲ್ಲಿ ಹೋಯಿತು?

ಇರಾನಿನ ಅಬಾದಾನ್‌ನಲ್ಲಿದ್ದ ಈ ಕಂಪನಿಯ ರಿಫೈನರಿ (ಎಣ್ಣೆ ಶುದ್ಧೀಕರಣ ಘಟಕ) ಆಗ ಜಗತ್ತಿನಲ್ಲೇ ದೊಡ್ಡದು. ಬ್ರಿಟಿಷ್ ಸಾಹೇಬರಿಗೆ ಹುಲ್ಲುಹಾಸಿನ ಬಂಗಲೆ, ಕ್ಲಬ್ಬು, ಈಜುಕೊಳ. ಇರಾನಿ ಕೂಲಿಗಳಿಗೆ ಕಾಗಜಾಬಾದ್ ಎಂಬ ಕೊಳೆಗೇರಿ. ತುಕ್ಕು ಹಿಡಿದ ಎಣ್ಣೆ ಡ್ರಮ್ಮುಗಳನ್ನು ತಟ್ಟಿ ಗೋಡೆ ಮಾಡಿಕೊಂಡಿದ್ದರು. ನಲ್ಲಿ ಇಲ್ಲ, ಕರೆಂಟ್ ಇಲ್ಲ. ಮೂಲ ಒಪ್ಪಂದದ ಪ್ರಕಾರ ಇರಾನಿನ ಪಾಲು ನಿವ್ವಳ ಲಾಭದ ಶೇ. 16. ಲೆಕ್ಕದ ಪುಸ್ತಕ ತೋರಿಸಿ ಅಂದರೆ ತೋರಿಸುತ್ತಿರಲಿಲ್ಲ. 1914ರಿಂದ ಬ್ರಿಟಿಷ್ ಸರ್ಕಾರವೇ ಕಂಪನಿಯ ದೊಡ್ಡ ಪಾಲುದಾರ. 1950ರ ಹೊತ್ತಿಗೆ ಇರಾನಿಗೆ ಸಿಗುತ್ತಿದ್ದ ರಾಯಧನಕ್ಕಿಂತ ಲಂಡನ್ನಿಗೆ ಹೋಗುತ್ತಿದ್ದ ತೆರಿಗೆಯೇ ಜಾಸ್ತಿ! ನೆಲ ಯಾರದ್ದು ಸ್ವಾಮಿ?

1951ರಲ್ಲಿ ಇರಾನಿನ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಮೊಸಾದೆಗ್ ಪ್ರಧಾನಿಯಾದರು. ಬ್ರಿಟನ್ ಆ ಎಣ್ಣೆ ಯಾರಿಗೂ ಮಾರಾಟವಾಗದಂತೆ ಅಡ್ಡ ನಿಂತಿತು. ಎಣ್ಣೆ ತುಂಬಿಕೊಂಡು ಹೊರಟಿದ್ದ ರೋಸ್ ಮೇರಿ ಹಡಗನ್ನು ಬ್ರಿಟಿಷರ ಕೈಯಲ್ಲಿದ್ದ ಏಡನ್ ಬಂದರಿನಲ್ಲಿ ಹಿಡಿದು ಹಾಕಿದರು. ಕೊನೆಗೆ 1953ರ ಆಗಸ್ಟ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತು ಬ್ರಿಟನ್ನಿನ ಎಂಐ6 ಸೇರಿ ಆ ಸರ್ಕಾರವನ್ನೇ ಉರುಳಿಸಿದವು. ಮೊಸಾದೆಗ್‌ಗೆ ಮೂರು ವರ್ಷ ಜೈಲು, ಆಮೇಲೆ 1967ರಲ್ಲಿ ಸಾಯುವ ತನಕ ಗೃಹಬಂಧನ. ಕಂಪನಿಗೆ? 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಎಂಬ ಹೊಸ ಹೆಸರು, ಇರಾನ್ ಎಣ್ಣೆಯ ಹೊಸ ಒಕ್ಕೂಟದಲ್ಲಿ ಶೇ. 40 ಪಾಲು. ಇದನ್ನು ಬಿಟ್ಟು ಛಲದ ಕಥೆ ಹೇಳುವುದು ಅನ್ಯಾಯ ಅಲ್ವಾ?

ಬಂಡವಾಳ ಅವರದ್ದು, ರಿಸ್ಕ್ ಅವರದ್ದು, ಸುಮ್ನೆ ಬಿಟ್ಟುಕೊಡೋಕಾಗುತ್ತಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಹಾಕಿದ ದುಡ್ಡು ನಲವತ್ತು ವರ್ಷದಲ್ಲಿ ಎಷ್ಟೋ ಪಟ್ಟಾಗಿ ವಾಪಸ್ ಬಂದಿತ್ತು. ಪರಿಹಾರ ಕೊಡುವುದಕ್ಕೂ ಆ ರಾಷ್ಟ್ರೀಕರಣದ ಕಾನೂನಿನಲ್ಲೇ ಅವಕಾಶ ಇತ್ತು. ಬ್ರಿಟನ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಈ ಕೇಸು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ 1952ರಲ್ಲಿ ವಾಪಸ್ ಕಳಿಸಿದರು. ಹಾಗಾಗಿ ಆ ವಾದ ನನ್ನ ಹತ್ತಿರ ನಡೆಯುವುದಿಲ್ಲ.

ನಮ್ಮ ದೇಶವೂ ಇದೇ ಕೆಲಸ ಮಾಡಿದೆ. ಅದೇ ಬರ್ಮಾ ಆಯಿಲ್ ಪಾಲುದಾರನಾಗಿದ್ದ ಬರ್ಮಾ-ಶೆಲ್ ಕಂಪನಿಯನ್ನು 1976ರಲ್ಲಿ ಸರ್ಕಾರ ವಹಿಸಿಕೊಂಡಿತು. ಅದೇ ಇವತ್ತಿನ ಭಾರತ್ ಪೆಟ್ರೋಲಿಯಂ. ಆ ಬಂಕಿನಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುವ ನಾವು ಅದನ್ನು ಕಳ್ಳತನ ಅನ್ನುವುದಿಲ್ಲ. ಇರಾನಿನವರಿಗೂ ಅದೇ ಹಕ್ಕು ಇತ್ತು. ವಿಡಿಯೋ ಫಾರ್ವರ್ಡ್ ಮಾಡುವವರು ದಯವಿಟ್ಟು ಇದನ್ನೂ ಸೇರಿಸಿ ಕಳಿಸಿ.