ಅಜ್ಜಿಯ ಗೌನು, ನಮ್ಮ ಮಗ್ಗಿ

ಎರಡು ಕಾಗದ. ಒಂದರಲ್ಲಿ ಭಾರತದ ಮದುವೆ, ಇನ್ನೊಂದರಲ್ಲಿ ಅಮೆರಿಕದ ಮದುವೆ. ಎರಡನ್ನೂ ಎರಡು ದೇಶದವರಿಗೂ ಓದಿಸಿದ ಅಧ್ಯಯನವೊಂದು ಇಲಿನಾಯ್ ವಿಶ್ವವಿದ್ಯಾಲಯದಿಂದ 1979ರಲ್ಲಿ ಬಂತು. ತಂತಮ್ಮ ಕಡೆಯ ಮದುವೆಯನ್ನು ಎಲ್ಲರೂ ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅಮೆರಿಕದ ಮದುಮಗಳು ತೊಟ್ಟಿದ್ದು ಅಜ್ಜಿಯ ಗೌನು. ಇಲ್ಲಿಯ ಅಮೆರಿಕದವರಿಗೆ ಅದು ಮನೆತನದ ಹೆಮ್ಮೆ. ನಮ್ಮ ಕಡೆಯ ಓದುಗರೊಬ್ಬರಿಗೆ ಬರೀ ಹಳೇ ಫ್ಯಾಷನ್. ಇಂಗ್ಲಿಷ್ ಬಾರದ್ದಕ್ಕೆ ಆದ ಎಡವಟ್ಟಲ್ಲ ಇದು, ಮೊದಲೇ ಗೊತ್ತಿರುವುದರ ಆಟ.

ಹೊಸದನ್ನು ಹಿಡಿದಿಡುವ ವರ್ಕಿಂಗ್ ಮೆಮೊರಿಯಲ್ಲಿ ಒಂದು ಹೊತ್ತಿಗೆ ನಾಲ್ಕಾರು ತುಣುಕಿಗಷ್ಟೇ ಜಾಗ. ಮೊದಲೇ ಗೊತ್ತಿರುವುದರ ಜೊತೆ ಬೆಸೆದುಕೊಂಡರೆ ಹಲವು ತುಣುಕು ಸೇರಿ ಒಂದಾಗುತ್ತವೆ. ಹಾಗಾಗಿ ಮಗು ಮನೆಯಿಂದ ಏನು ತಿಳಿದು ಬಂದಿದೆ ಎಂದು ಮೇಷ್ಟ್ರು ಕೇಳುವುದು ಬರೀ ಮರ್ಯಾದೆಯ ಮಾತಲ್ಲ, ಕಲಿಕೆಯ ಕೆಲಸವೇ.

ಅಮೆರಿಕದ ಶಾಲೆಗಳು ಇದನ್ನು ಬಾಯ್ತುಂಬ ಹೇಳುತ್ತವೆ. ನಾನು ಕಂಡಷ್ಟರಲ್ಲಿ ನಡೆಯುವುದು ವರ್ಷಕ್ಕೊಂದು ಇಂಟರ್‌ನ್ಯಾಷನಲ್ ನೈಟ್: ಸಮೋಸ, ಬಾಲಿವುಡ್ ಕುಣಿತ. (ನಾವೂ ಸಮೋಸವನ್ನೇ ಒಯ್ಯುತ್ತೇವೆ; ಕೋಡುಬಳೆ ಒಯ್ದವರನ್ನು ನಾನಂತೂ ನೋಡಿಲ್ಲ.) ಮಾರನೇ ದಿನ ಸರಾಸರಿಯ ಲೆಕ್ಕ ಮತ್ತೆ ಬೇಸ್‌ಬಾಲ್‌ನದೇ. ನಿಜವಾಗಿ ಮಾಡಿ ತೋರಿಸಿದ್ದು ಹೊನೊಲುಲುವಿನ ಕಮೆಹಮೆಹಾ ಶಾಲೆಗಳ ಕಾರ್ಯಕ್ರಮ, 1970ರ ದಶಕದಲ್ಲಿ. ಹವಾಯಿಯ ಮಕ್ಕಳು ಮನೆಯಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಮಾತು ಹಾಕುತ್ತ ಕೂಡಿ ಕತೆ ಕಟ್ಟುತ್ತಾರೆ, ಅದು ಅಲ್ಲಿಯ 'ಟಾಕ್ ಸ್ಟೋರಿ'. ಓದಿನ ತರಗತಿಯಲ್ಲಿ ಕೈ ಎತ್ತಿ ಸರದಿ ಕಾಯಿರಿ ಎನ್ನುವುದನ್ನು ಬಿಟ್ಟು ಅದಕ್ಕೇ ಜಾಗ ಕೊಟ್ಟರು. ಮಕ್ಕಳ ಓದು ಸುಧಾರಿಸಿತು.

ನಮ್ಮೂರ ರಾಗದ ಮಗ್ಗಿಯನ್ನು ಇಲ್ಲಿ ಗಿಳಿಪಾಠ ಎನ್ನುತ್ತಾರೆ. ಒಪ್ಪಲಾರೆ. ಏಳೆಂಟ್ಲಿ ಐವತ್ತಾರು ನಾಲಿಗೆಯ ತುದಿಯಲ್ಲಿದ್ದರೆ ತಲೆ ಮುಂದಿನ ಹೆಜ್ಜೆಗೆ ಬಿಡುವಾಗಿರುತ್ತದೆ, ರಾಗ ನೆನಪಿಗೆ ಆಸರೆ. ಅರ್ಥ ಹೇಳದೆ ಅಷ್ಟಕ್ಕೇ ನಿಲ್ಲಿಸುವ ಮೇಷ್ಟ್ರುಗಳು ಇದ್ದಾರೆ, ಅದು ಬೇರೆ ಜಗಳ.

ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಲೆಕ್ಕವೇ ಎಂದು ಇಲ್ಲಿ ಗೊಣಗುವ ನಾವು, ತಾಂಡಾದಲ್ಲಿ ಲಂಬಾಣಿ ಮಾತಾಡಿ ಬೆಳೆದ ಮಗುವಿಗೆ ಒಂದನೇ ತರಗತಿಯಲ್ಲಿ ಎದುರಾಗುವ ಕನ್ನಡದ ಬಗ್ಗೆ, ಈಚೆಗೆ ಇಂಗ್ಲಿಷಿನ ಬಗ್ಗೆ, ಊರಿನಲ್ಲಿದ್ದಾಗ ಯೋಚಿಸಿದವರೇ ಅಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಎನ್ನುವ ಅಧಿಕೃತ ಗುರುತು) ಸಿಕ್ಕಿದೆ. ಆ ಕಸೂತಿಯ ಬಟ್ಟೆಯೊಂದನ್ನು ತರಗತಿಯಲ್ಲಿ ಹಾಸಿ ಸಮಮಿತಿಯ ಪಾಠ ಶುರುಮಾಡಲು ಯಾವ ಅನುದಾನವೂ ಬೇಡ.